ಕಳೆದುಹೋದ ಒಲವಿನ ರಾಕ್ ಹಾಡಿಗೆ ಅರ್ಥ ಹೇಳುವುದು

ಕಳೆದ ಡಿಸೆಂಬರಿನಲ್ಲಿ ಮಂಗಳೂರಿನ ಒಂದು ಹಾಲ್‌ನಲ್ಲಿ ಸಹೋದ್ಯೋಗಿಯೊಬ್ಬರ ಮಗಳ ಮದುವೆಯ ರಿಸೆಪ್ಶನ್ ನಡೆಯುತ್ತಿತ್ತು. ಕೇಕ್ ಕತ್ತರಿಸಿ, ಟೋಸ್ಟ್ ಹೇಳಿ ಮುಗಿದ ಮೇಲೆ ದೀಪಗಳನ್ನು ಸ್ವಲ್ಪ ಮಬ್ಬಾಗಿಸಿದರು. ಬ್ಯಾಂಡಿನ ಹುಡುಗರು ಮೆಲುವಾದ ಗಿಟಾರ್ ನುಡಿಯೊಂದನ್ನು ಎತ್ತಿಕೊಂಡರು, ಮದುಮಕ್ಕಳು ಒಬ್ಬರ ಹೆಗಲಿಗೆ ಇನ್ನೊಬ್ಬರು ತಲೆಯಾನಿಸಿ ಹೆಜ್ಜೆ ಹಾಕತೊಡಗಿದರು. ಹಾಡು 'ದಿ ಪೊಲೀಸ್' ತಂಡದ 'ಎವ್ರಿ ಬ್ರೆತ್ ಯು ಟೇಕ್'. 1983ರಲ್ಲಿ ಬಂದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಎಂಟು ವಾರ ಮೊದಲ ಸ್ಥಾನದಲ್ಲಿ ನಿಂತ ಹಾಡು. ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಪಕ್ಕದಲ್ಲೇ ಕುಳಿತಿದ್ದವನು ನನ್ನ ಕಿವಿಯ ಹತ್ತಿರ ಬಗ್ಗಿ, "ಮಾವ, ಇದು ಮದುವೆಗೆ ನುಡಿಸುವ ಹಾಡಾ? ಇದರಲ್ಲಿ ಅವನು ಬಿಟ್ಟುಹೋದವಳನ್ನು ಕಾವಲು ಕಾಯ್ತಾ ಇದ್ದಾನಲ್ಲ" ಎಂದ.

ಅವನ ಮಾತು ಸರಿಯಾಗಿತ್ತು. ಆ ಹಾಡನ್ನು ಬರೆದ ಸ್ಟಿಂಗ್ ಅವರ ಮೊದಲ ದಾಂಪತ್ಯ ಆ ಹೊತ್ತಿಗೆ ಮುರಿದಿತ್ತು. ಇದು ಅಸೂಯೆಯ, ಕಣ್ಗಾವಲಿನ ಹಾಡೆಂದು ಅವರೇ ಮುಂದೆ ಹಲವು ಬಾರಿ ಹೇಳಿದ್ದಾರೆ. ಸಾಹಿತ್ಯದ ಕ್ರಿಯಾಪದಗಳನ್ನು ಮಾತ್ರ ಆರಿಸಿ ನೋಡಿದರೂ ಸಂಗತಿ ತಿಳಿಯುತ್ತದೆ: ಉಸಿರಾಡುವುದು, ಅಲುಗಾಡುವುದು, ಹೆಜ್ಜೆಯಿಡುವುದು ಎಲ್ಲವೂ ಅವಳ ಕೆಲಸ, ನೋಡುತ್ತಿರುವುದೊಂದೇ ಅವನ ಕೆಲಸ. ಆದರೂ ಕುಣಿಯುತ್ತಿದ್ದ ಮದುಮಕ್ಕಳ ಕಿವಿ ತಪ್ಪಿತ್ತೆಂದು ನಾನು ಹೇಳಲಾರೆ, ಏಕೆಂದರೆ ಆ ಗಿಟಾರ್ ನುಡಿ ನಿಜಕ್ಕೂ ಲಾಲಿಯಷ್ಟು ಮೃದುವಾಗಿದೆ. ಮಾತು ಒಂದು ಕಡೆಗೆ, ನಾದ ಇನ್ನೊಂದು ಕಡೆಗೆ ಎಳೆಯುವ ಇಂಥ ಹಾಡುಗಳಿಗೆ ಅರ್ಥ ಹೇಳುವುದು ಹೇಗೆ ಎಂದು ಹುಡುಗ ಅಂದು ರಾತ್ರಿ ಮನೆಗೆ ಹೋಗುವ ದಾರಿಯುದ್ದಕ್ಕೂ ಕೇಳಿದ. ಅವನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ.

ಅರ್ಥ ಹೇಳುವ ಕಲೆಯೊಂದು ನಮ್ಮ ಕರಾವಳಿಯಲ್ಲೇ ಇದೆ. ತಾಳಮದ್ದಳೆಯ ಕೂಟದಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಅಂಗಿ, ಪಂಚೆ, ಶಾಲಿನಲ್ಲಿ ಕುಳಿತ ಅರ್ಥಧಾರಿ ಆ ಪದವನ್ನು ಪಾತ್ರದ ಮಾತಾಗಿ ಬಿಡಿಸುತ್ತಾನೆ. ನಾಲ್ಕು ಸಾಲಿನ ಪದಕ್ಕೆ ಕೆಲವೊಮ್ಮೆ ಅರ್ಧ ಗಂಟೆಯ ಅರ್ಥ ಬರುತ್ತದೆ. ನಳದಮಯಂತಿ ಪ್ರಸಂಗವನ್ನೇ ತೆಗೆದುಕೊಳ್ಳೋಣ. ಕಾಡಿನಲ್ಲಿ ಎಚ್ಚರವಾದ ದಮಯಂತಿಗೆ ಪಕ್ಕದಲ್ಲಿ ಗಂಡನಿಲ್ಲ, ಉಟ್ಟ ಸೀರೆಯ ಅರ್ಧ ಭಾಗವೂ ಇಲ್ಲ. ಅವಳ ಪ್ರಲಾಪದ ಪದವನ್ನು ಭಾಗವತರು ಎಷ್ಟು ಕರುಳು ಕಿತ್ತು ಬರುವಂತೆ ಹಾಡಿದರೂ, ಅವರ ಮನೆಯಲ್ಲೇ ಏನೋ ಆಗಿರಬೇಕೆಂದು ಸಭೆಯಲ್ಲಿ ಯಾರೂ ಎಣಿಸುವುದಿಲ್ಲ. ಪದ ದಮಯಂತಿಯದು. ಅರ್ಥಧಾರಿ ಮೊದಲು ಗೊತ್ತುಮಾಡಿಕೊಳ್ಳುವುದು, ಈ ಮಾತನ್ನು ಯಾರು, ಯಾರಿಗೆ, ಯಾವ ಗಳಿಗೆಯಲ್ಲಿ ಆಡುತ್ತಿದ್ದಾರೆ ಎಂಬುದನ್ನು. ಅದರ ಜೊತೆಗೆ, ಆ ಗಳಿಗೆಯಲ್ಲಿ ಪಾತ್ರಕ್ಕೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂಬುದನ್ನೂ ಅವನು ತೂಗಬೇಕು. ನಳನ ಮೈಯಲ್ಲಿ ಕಲಿ ಹೊಕ್ಕಿದ್ದಾನೆಂಬುದು ಸಭೆಗೆ ಗೊತ್ತು, ದಮಯಂತಿಗೆ ಗೊತ್ತಿಲ್ಲ. ಅವಳ ಪ್ರತಿಯೊಂದು ಪ್ರಶ್ನೆಯ ಭಾರವೂ ಆ ಅಂತರದಿಂದ ಬರುತ್ತದೆ.

ರಾಕ್ ಹಾಡಿನ 'ನಾನು' ಕೂಡ ಒಂದು ಪಾತ್ರವೇ. ಗಾಯಕ ಆ ಪಾತ್ರಕ್ಕೆ ತನ್ನ ಬಾಳಿನಿಂದ ಎಷ್ಟು ಬೇಕಾದರೂ ಕೊಟ್ಟಿರಬಹುದು, ಆದರೆ ಮೈಕ್ ಮುಂದೆ ನಿಂತಾಗ ಅವನು ಅದರ ಅರ್ಥಧಾರಿ. ಹೀಗೆ ನೋಡಿದಾಗ ಮದುವೆ ಹಾಲ್‌ನ ಆ ಹಾಡು ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಆ ಪಾತ್ರ ತನ್ನನ್ನು ಪ್ರೇಮಿಯೆಂದೇ ನಂಬಿಕೊಂಡಿದೆ. ಅದರ ಕಿವಿಗೆ ತನ್ನ ಮಾತು ಪ್ರೀತಿಯಾಗಿ ಕೇಳಿಸುವುದರಿಂದಲೇ ಗಿಟಾರ್ ಅಷ್ಟು ಮೃದುವಾಗಿದೆ. ಆ ಮಾತಿನೊಳಗಿನ ಕಾವಲುಗಾರನನ್ನು ಕೇಳುಗ ಮಾತ್ರ ಕಾಣುತ್ತಾನೆ. ನಾದ ಪಾತ್ರದ ನಂಬಿಕೆಯನ್ನು ಹೇಳುತ್ತಿದ್ದರೆ ಮಾತು ಅದರ ನಡತೆಯನ್ನು ಹೇಳುತ್ತಿದೆ. ಎರಡೂ ಒಟ್ಟಿಗೆ ಕೇಳಿಸಿದಾಗ ಹಾಡು ಪೂರ್ತಿಯಾಗುತ್ತದೆ.

ಇಷ್ಟು ಹೇಳಿದ ಮೇಲೆ, ಬರೆದವರ ಬಾಳಿನ ಕಥೆಯನ್ನು ಏನು ಮಾಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಈಗ ಯಾವ ಹಾಡಿನ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರೂ ಅದು ಯಾರನ್ನು ಕುರಿತದ್ದು ಎಂಬ ಸಮಾಚಾರ ಮೊದಲು ಬರುತ್ತದೆ, ಹಾಡು ಆಮೇಲೆ. ಈ ಸಮಾಚಾರ ನಿರುಪಯೋಗಿಯೆಂದು ನಾನು ಹೇಳುವುದಿಲ್ಲ. ಆದರೆ ಅದು ಅರ್ಥದ ಜಾಗದಲ್ಲಿ ಕುಳಿತುಬಿಟ್ಟರೆ ಹಾಡು ಬರಿಯ ವದಂತಿಯಾಗಿಬಿಡುತ್ತದೆ.

1970ರಲ್ಲಿ ಎರಿಕ್ ಕ್ಲಾಪ್ಟನ್ ತಮ್ಮ ತಂಡದೊಂದಿಗೆ ಹಾಡಿದ 'ಲೈಲಾ' ಇದಕ್ಕೆ ತಕ್ಕ ಉದಾಹರಣೆ. ಗೆಳೆಯ ಜಾರ್ಜ್ ಹ್ಯಾರಿಸನ್ ಅವರ ಹೆಂಡತಿ ಪ್ಯಾಟಿ ಬಾಯ್ಡ್ ಅವರ ಮೇಲೆ ಕ್ಲಾಪ್ಟನ್‌ಗೆ ಇದ್ದ ಮೋಹ ಈ ಹಾಡಿನ ಹಿಂದಿದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅವರು ಹಾಡಿಗೆ ಪ್ಯಾಟಿಯ ಹೆಸರಿಡಲಿಲ್ಲ. ಹನ್ನೆರಡನೆಯ ಶತಮಾನದ ಪಾರಸಿ ಕವಿ ನಿಜಾಮಿ ಬರೆದ ಲೈಲಾ–ಮಜ್ನೂನರ ಕಥೆಯಿಂದ ಹೆಸರನ್ನು ತಂದರು. ಮಜ್ನೂನ್ ಎಂದರೆ ಹುಚ್ಚ; ಕೈಗೆ ಸಿಗದ ಹೆಣ್ಣಿಗಾಗಿ ಮತಿಗೆಟ್ಟು ಮರುಭೂಮಿಯಲ್ಲಿ ಅಲೆದವನು. ಆ ಒಂದು ಹೆಸರಿನಿಂದ ಇಂಗ್ಲೆಂಡಿನ ಒಬ್ಬ ಗಿಟಾರ್ ವಾದಕನ ಖಾಸಗಿ ಸಂಕಟ ಹಳೆಯ ಪ್ರಸಂಗವೊಂದರ ಪಾತ್ರದೊಳಗೆ ಹೊಕ್ಕಿತು. ಬಾಳಿನ ಕಥೆ ಗೊತ್ತಿಲ್ಲದವನಿಗೂ ಹಾಡು ದಕ್ಕುವುದು ಇದರಿಂದಲೇ.

'ಲೈಲಾ'ದಲ್ಲಿ ಇನ್ನೊಂದು ಸಂಗತಿಯನ್ನು ಹತ್ತಿರದಿಂದ ನೋಡಬೇಕು. ಸುಮಾರು ಏಳು ನಿಮಿಷದ ಆ ಧ್ವನಿಮುದ್ರಣದಲ್ಲಿ ಮಾತು ಇರುವುದು ಮೊದಲರ್ಧದಲ್ಲಿ ಮಾತ್ರ. ಗಂಟಲು ಹರಿಯುವಂತೆ ಹೆಸರು ಕೂಗಿ ಕೂಗಿ ಬೇಡಿಕೊಂಡ ಮೇಲೆ, ಹಾಡು ಮುಗಿಯಿತೆನ್ನುವಾಗ ಪಿಯಾನೊ ಬರುತ್ತದೆ. ಉಳಿದಷ್ಟೂ ಹೊತ್ತು ಮಾತೇ ಇಲ್ಲ. ಪಿಯಾನೊದ ನಿಧಾನ ನಡೆ, ಅದರ ಮೇಲೆ ಗಿಟಾರುಗಳ ಎಳೆತ. ಬೇಡಿಕೆಗೆ ಉತ್ತರ ಬಂತೋ, ಬಾರದೆಂದು ಮನಸ್ಸು ಒಪ್ಪಿಕೊಂಡಿತೋ ಸಾಹಿತ್ಯ ಹೇಳುವುದಿಲ್ಲ. ನನ್ನ ಕಿವಿಗೆ ಅದು ಒಪ್ಪಿಕೊಂಡ ಮನಸ್ಸಿನ ನಡೆಯಾಗಿಯೇ ಕೇಳುತ್ತದೆ. ಮುಂದೆ ಕ್ಲಾಪ್ಟನ್ 1979ರಲ್ಲಿ ಪ್ಯಾಟಿಯನ್ನು ಮದುವೆಯಾದರು, ಆ ದಾಂಪತ್ಯವೂ ಮುರಿಯಿತು. ಆಮೇಲೆ 1992ರ ಕಾರ್ಯಕ್ರಮವೊಂದರಲ್ಲಿ ಕುರ್ಚಿಯಲ್ಲಿ ಕುಳಿತು, ವಿದ್ಯುತ್ ಇಲ್ಲದ ಗಿಟಾರ್ ಹಿಡಿದು, ಅದೇ ಹಾಡನ್ನು ವಿಳಂಬದಲ್ಲಿ, ಕೂಗದೆ ಹಾಡಿದರು. ಪಿಯಾನೊದ ಭಾಗವನ್ನೇ ಬಿಟ್ಟರು. ಮಾತು ಅದೇ, ಗಳಿಗೆ ಬೇರೆ. 1970ರಲ್ಲಿ ಮೊರೆಯಾಗಿದ್ದದ್ದು 1992ರಲ್ಲಿ ನೆನಪಾಯಿತು. ಯಾವ ಗಳಿಗೆಯ ಮಾತು ಎಂಬ ಅರ್ಥಧಾರಿಯ ಪ್ರಶ್ನೆ ಏಕೆ ಅಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಬಾಳಿನ ಕಥೆಯನ್ನು ತಿಳಿಯುವುದರಿಂದ ನಿಜವಾಗಿ ಲಾಭವಾಗುವ ಸಂದರ್ಭಗಳೂ ಇವೆ. 'ಫ್ಲೀಟ್‌ವುಡ್ ಮ್ಯಾಕ್' ತಂಡದ 1977ರ 'ರೂಮರ್ಸ್' ಆಲ್ಬಮ್ಮಿನಲ್ಲಿ ಲಿಂಡ್ಸೆ ಬಕಿಂಗ್‌ಹ್ಯಾಮ್ ಮತ್ತು ಸ್ಟೀವಿ ನಿಕ್ಸ್ ತಮ್ಮ ಒಂದೇ ಬೇರ್ಪಡೆಯ ಬಗ್ಗೆ ಒಂದೊಂದು ಹಾಡು ಬರೆದರು. ಬಕಿಂಗ್‌ಹ್ಯಾಮ್ ಅವರದು ಆರೋಪದ ಹಾಡು, ವೇಗವಾದದ್ದು; ನಿಕ್ಸ್ ಅವರದು ಎಚ್ಚರಿಕೆಯ ಹಾಡು, ತೇಲುವಂಥದ್ದು. ತನ್ನ ಮೇಲಿನ ಆರೋಪದ ಆ ಹಾಡಿಗೆ ನಿಕ್ಸ್ ತಾವೇ ಹಿಂದೆ ನಿಂತು ದನಿಗೂಡಿಸಬೇಕಾಯಿತು. ತಾಳಮದ್ದಳೆಯಲ್ಲಿ ಇದಿರು ಅರ್ಥಧಾರಿ ಇರುವಂತೆ ಇಲ್ಲಿ ಹಾಡಿಗೆ ಹಾಡೇ ಇದಿರಾಗಿ ನಿಂತಿದೆ. ಎರಡನ್ನೂ ಕೇಳಿದವನು ಯಾವ ಒಂದರ 'ನಾನು'ವನ್ನೂ ಪೂರ್ತಿಯಾಗಿ ನಂಬುವುದಿಲ್ಲ.

'ನೀನು' ಯಾರೆಂಬುದರಲ್ಲೂ ಮೋಸಹೋಗುವುದು ಸುಲಭ. 'ಪಿಂಕ್ ಫ್ಲಾಯ್ಡ್' ತಂಡದ 1975ರ 'ವಿಶ್ ಯು ವರ್ ಹಿಯರ್' ಹಾಡನ್ನು ಹಾಸ್ಟೆಲ್ ಕೋಣೆಗಳಲ್ಲಿ ಪ್ರೇಮಭಂಗವಾದವರು ಹಾಡುತ್ತಾರೆ. ಆದರೆ ಅದರ ಹಿಂದಿರುವ ನೆರಳು ಬಹುಮಟ್ಟಿಗೆ ಸಿಡ್ ಬ್ಯಾರೆಟ್ ಅವರದು. ತಂಡವನ್ನು ಕಟ್ಟಿದವರಲ್ಲೊಬ್ಬರು, ಮನಸ್ಸು ಕದಡಿ 1968ರಲ್ಲಿ ತಂಡದಿಂದ ಹೊರಗಾದವರು. ಈ ಆಲ್ಬಮ್ಮಿನ ಕೆಲಸ ನಡೆಯುತ್ತಿದ್ದಾಗ, 1975ರ ಜೂನ್‌ನಲ್ಲಿ, ಅವರು ತಲೆ ಮತ್ತು ಹುಬ್ಬು ಬೋಳಿಸಿಕೊಂಡು, ದಪ್ಪಗಾಗಿ, ಹೇಳದೆ ಕೇಳದೆ ಸ್ಟುಡಿಯೊಕ್ಕೆ ಬಂದರು. ಹಳೆಯ ಗೆಳೆಯರಿಗೆ ಒಮ್ಮೆಗೆ ಗುರುತೇ ಸಿಗಲಿಲ್ಲ. ಹಾಡು ಶುರುವಾಗುವ ಬಗೆಯನ್ನು ಹೆಡ್‌ಫೋನ್ ಹಾಕಿಕೊಂಡು ಗಮನಿಸಬೇಕು. ಮೊದಲು ರೇಡಿಯೊ ಸ್ಟೇಷನ್ ಬದಲಿಸುವ ಗರಗರ ಸದ್ದು. ಆಮೇಲೆ ದೂರದ ರೇಡಿಯೊದಿಂದ ಬಂದಂತೆ ಸಪೂರವಾದ ಗಿಟಾರ್ ನುಡಿ. ಸ್ವಲ್ಪ ಹೊತ್ತಿನಲ್ಲಿ, ರೇಡಿಯೊ ಎದುರು ಕುಳಿತ ಯಾರೋ ಕೈಗೆ ಗಿಟಾರ್ ತೆಗೆದುಕೊಂಡಂತೆ, ಇನ್ನೊಂದು ಗಿಟಾರ್ ತುಂಬು ನಾದದಲ್ಲಿ ಅದಕ್ಕೆ ಜೊತೆಯಾಗುತ್ತದೆ. ಒಬ್ಬರು ದೂರದಲ್ಲಿದ್ದಾರೆ, ಒಬ್ಬರು ಕೋಣೆಯಲ್ಲಿದ್ದಾರೆ. ಕೋಣೆಯಲ್ಲಿರುವವರ ನುಡಿ ದೂರದವರನ್ನು ಮುಟ್ಟುವ ದಾರಿಯಿಲ್ಲ. ಒಂದು ಮಾತೂ ಬರುವ ಮೊದಲೇ ಅಗಲಿಕೆಯ ಪೂರ್ತಿ ಚಿತ್ರ ಬಂದಾಯಿತು. ಬ್ಯಾರೆಟ್ ಅವರ ಕಥೆ ತಿಳಿದರೆ ಈ ಚಿತ್ರ ಆಳವಾಗುತ್ತದೆ, ತಿಳಿಯದಿದ್ದರೂ ಚಿತ್ರ ಇದ್ದೇ ಇರುತ್ತದೆ.

ಕನ್ನಡದಲ್ಲೂ ಇಂಥದ್ದು ನಡೆದಿದೆ. ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಎಂಬುದನ್ನು ಪ್ರೇಮಗೀತೆಯೆಂದು ಹಾಡುವವರು ಇಂದಿಗೂ ಇದ್ದಾರೆ; ಮಗುವನ್ನು ಕಳೆದುಕೊಂಡ ಹೊತ್ತಿನಲ್ಲಿ ಹೆಂಡತಿಯ ನೋಟವನ್ನು ತಾಳಲಾರದ ಗಂಡನ ಮಾತು ಅದು. ಗಳಿಗೆ ತಪ್ಪಿದರೆ ಅರ್ಥವೇ ತಪ್ಪುತ್ತದೆ.

ಗಳಿಗೆಯನ್ನು ಗುರುತಿಸಲು ನಮ್ಮ ಅಲಂಕಾರಶಾಸ್ತ್ರ ಒಂದು ಒಳ್ಳೆಯ ಅಳತೆಗೋಲನ್ನು ಕೊಟ್ಟಿದೆ, ಅದು ರಾಕ್ ಹಾಡಿಗೂ ಹೊಂದುತ್ತದೆ. ಭರತಮುನಿ ಕರುಣ ರಸವನ್ನೂ ವಿಪ್ರಲಂಭ ಶೃಂಗಾರವನ್ನೂ ಬೇರೆ ಮಾಡುವುದು ಒಂದೇ ಗೆರೆಯಿಂದ: ಕರುಣ ನಿರಪೇಕ್ಷ, ವಿಪ್ರಲಂಭ ಸಾಪೇಕ್ಷ. ಮತ್ತೆ ಕೂಡುವ ಆಸೆ ಎಲ್ಲೋ ಒಂದೆಳೆ ಉಳಿದಿದ್ದರೆ ಅದು ವಿರಹ, ಪೂರ್ತಿ ಕಡಿದಿದ್ದರೆ ಶೋಕ. ಹದಿನಾಲ್ಕನೆಯ ಶತಮಾನದ ವಿಶ್ವನಾಥ ತನ್ನ 'ಸಾಹಿತ್ಯದರ್ಪಣ'ದಲ್ಲಿ ವಿಪ್ರಲಂಭವನ್ನು ಪೂರ್ವರಾಗ, ಮಾನ, ಪ್ರವಾಸ, ಕರುಣ ಎಂದು ನಾಲ್ಕಾಗಿ ಒಡೆಯುತ್ತಾನೆ. ಇಲ್ಲಿಯ ಕರುಣವೆಂದರೆ ತೀರಿಕೊಂಡವರು ಮತ್ತೆ ಸಿಗುವರೆಂಬ ಆಸೆ ಉಳಿದಿರುವ ವಿರಹ. 'ಲೈಲಾ' ಇನ್ನೂ ಕೈಗೂಡದ ಒಲವಿನದು, ಆದ್ದರಿಂದ ಪೂರ್ವರಾಗಕ್ಕೆ ಹತ್ತಿರ; ಬಕಿಂಗ್‌ಹ್ಯಾಮ್ ಹಾಡು ಮಾನ, ಅಂದರೆ ಮುನಿಸಿನ ಜಾತಿಯದು. ಇಡೀ ಹಾಡಿಗೆ ಒಂದೇ ಹೆಸರು ಅಂಟಿಸಿ ಮುಗಿಸಬೇಕೆಂದು ನಾನು ಹೇಳುತ್ತಿಲ್ಲ. ಕೇಳಬೇಕಾದ ಪ್ರಶ್ನೆ ಇಷ್ಟೇ: ಈ 'ನಾನು' ಇನ್ನೂ ಕಾಯುತ್ತಿದೆಯೇ? ಬಾಯಲ್ಲಿ ಎಲ್ಲ ಮುಗಿಯಿತು ಎನ್ನುತ್ತಿರುವ ಪಾತ್ರ ಹಾಡಿನ ಯಾವುದೋ ಒಂದು ಪದದಲ್ಲಿ, 'ಇನ್ನೂ' ಎಂಬಷ್ಟು ಸಣ್ಣ ಪದದಲ್ಲಿ, ಕಾಯುತ್ತಿರುವುದು ಸಿಕ್ಕಿಬೀಳುತ್ತದೆ.

ಪ್ರವಾಸ ವಿಪ್ರಲಂಭವನ್ನು ಕರಾವಳಿಯವರಿಗೆ ಯಾರೂ ಕಲಿಸಿಕೊಡಬೇಕಾಗಿಲ್ಲ. ಮುಂಬಯಿಯ ಹೋಟೆಲಿಗೆ, ಕೊಲ್ಲಿಯ ಕೆಲಸಕ್ಕೆ ಹೋದವರನ್ನು ಎರಡು ವರ್ಷಕ್ಕೊಮ್ಮೆ ನೋಡಿದ ಮನೆಗಳು ಇಲ್ಲಿ ಊರೂರಿಗೆ ಇವೆ. ರಾಕ್ ಸಂಗೀತದ ತಾಯಿಬೇರಾದ ಬ್ಲೂಸ್ ಬೆಳೆದದ್ದೂ ಇಂಥ ಅಗಲಿಕೆಯ ನಡುವೆಯೇ. 1910ರ ದಶಕದಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನರು ಅಮೆರಿಕದ ದಕ್ಷಿಣದ ಹತ್ತಿಹೊಲಗಳ ಸೀಮೆಯನ್ನು ಬಿಟ್ಟು ಉತ್ತರದ, ಪಶ್ಚಿಮದ ನಗರಗಳಿಗೆ ಹೋದರು. ಆ ಹಾಡುಗಳಲ್ಲಿ ಮತ್ತೆ ಮತ್ತೆ ಬರುವ ರೈಲು ಅಲಂಕಾರಕ್ಕೆ ಬಂದದ್ದಲ್ಲ; ಒಲಿದವರನ್ನು ಕೊಂಡೊಯ್ದದ್ದು ಅದೇ. ಮುಂದೆ ಬಂದ ರಾಕ್ ಹಾಡಿನ ಹೆದ್ದಾರಿ, ಟೆಲಿಫೋನ್, ಖಾಲಿ ಸ್ಟೇಷನ್ ಎಲ್ಲ ಈ ರೈಲಿನ ಸಂತತಿ.

ಬ್ಲೂಸ್ ರಾಕ್‌ಗೆ ಕೊಟ್ಟದ್ದು ಚಿತ್ರಗಳನ್ನು ಮಾತ್ರವಲ್ಲ, ಮಾತಿನ ಅಚ್ಚನ್ನು ಕೂಡ. ಹನ್ನೆರಡು ಬಾರ್‌ಗಳ, ಅಂದರೆ ಹನ್ನೆರಡು ತಾಳದ ಸುತ್ತುಗಳ, ಬ್ಲೂಸಿನಲ್ಲಿ ಮೂರು ಸಾಲು, ಒಂದೊಂದಕ್ಕೆ ನಾಲ್ಕು ಬಾರ್. ಮೊದಲ ಸಾಲನ್ನೇ ಎರಡನೆಯದಾಗಿ ತಿರುಗಿ ಹಾಡುತ್ತಾರೆ, ಮೂರನೆಯದು ಅದಕ್ಕೆ ಜವಾಬು. ಪ್ರತಿಯೊಂದು ಸಾಲೂ ಸುಮಾರು ಎರಡು ಬಾರ್‌ಗಳಲ್ಲಿ ಮುಗಿದು, ಉಳಿದೆರಡರಲ್ಲಿ ಗಿಟಾರ್ ಮಾತಾಡುತ್ತದೆ. ಬಿ.ಬಿ. ಕಿಂಗ್ ಹಾಡುವಾಗ ಗಿಟಾರ್ ನುಡಿಸುತ್ತಿರಲಿಲ್ಲ, ನುಡಿಸುವಾಗ ಹಾಡುತ್ತಿರಲಿಲ್ಲ. ಲೂಸಿಲ್ ಎಂದು ಹೆಣ್ಣಿನ ಹೆಸರಿಟ್ಟಿದ್ದ ತಮ್ಮ ಗಿಟಾರಿಗೆ ಅವರು ಪಾಳಿ ಬಿಟ್ಟುಕೊಡುತ್ತಿದ್ದರು. ಅಗಲಿಕೆಯ ಹಾಡಿನಲ್ಲಿ ಈ ಅಚ್ಚಿಗೆ ಒಂದು ವಿಶೇಷವಾದ ಕೆಲಸವಿದೆ. ಯಾರನ್ನು ಕುರಿತು ಮಾತಾಡುತ್ತಿದ್ದೇನೋ ಅವರು ಎದುರಿಗಿಲ್ಲ, ಉತ್ತರಿಸುವುದಿಲ್ಲ. ಆ ಉತ್ತರದ ಜಾಗದಲ್ಲಿ ಗಿಟಾರ್ ನುಡಿಯುತ್ತದೆ. ರಾಕ್ ಹಾಡಿನ ನಡುವಿನ ಗಿಟಾರ್ ಸೋಲೊವನ್ನು ಕೈಚಳಕವೆಂದು ಹಾರಿಸಿ ಮುಂದೆ ಹೋಗುವವರಿಗೆ ನನ್ನ ವಿನಂತಿ ಇಷ್ಟು: ಅದು ಹೋದವರ ಪರವಾಗಿ ಮಾತಾಡುತ್ತಿದೆಯೋ, ಉಳಿದವರ ಮಾತು ಮುಗಿದ ಕಡೆಯಿಂದ ಮುಂದುವರಿಸುತ್ತಿದೆಯೋ ಎಂದು ಒಮ್ಮೆ ಕಿವಿಗೊಟ್ಟು ಕೇಳಬೇಕು.

ಪ್ರತಿ ಪದದಲ್ಲೂ ಗೂಢಾರ್ಥ ಹುಡುಕುವ ಅತ್ಯುತ್ಸಾಹಕ್ಕೂ ಒಂದು ಮಿತಿ ಬೇಕು. ಯಕ್ಷಗಾನದ ಪ್ರಸಂಗಕವಿ ಮೊದಲೇ ಇರುವ ಮಟ್ಟಿಗೆ, ಅಂದರೆ ಧಾಟಿಗೆ, ಪದ ಹೊಸೆಯುವಂತೆ ರಾಕ್‌ನಲ್ಲೂ ಎಷ್ಟೋ ಬಾರಿ ಮಟ್ಟು ಮೊದಲು, ಮಾತು ಆಮೇಲೆ. ಪಾಲ್ ಮೆಕಾರ್ಟ್ನಿಗೆ 1965ರ 'ಯೆಸ್ಟರ್‌ಡೇ' ಹಾಡಿನ ರಾಗ ಕನಸಿನಲ್ಲಿ ಹೊಳೆದು, ಮಾತು ಸಿಗದೆ, ಬಹಳ ದಿನ ಅದನ್ನು ಮೊಟ್ಟೆಯ ತಿಂಡಿಯೊಂದರ ಹೆಸರಿಟ್ಟು ಹಾಡಿಕೊಂಡಿದ್ದರು. ಹೋದವಳು ಏಕೆ ಹೋದಳೆಂದು ತಿಳಿಯದ ಆ ಹಾಡಿನ ಹಿಂದೆ, ತಾನು ಹದಿನಾಲ್ಕರ ಹುಡುಗನಾಗಿದ್ದಾಗ ತೀರಿಕೊಂಡ ತಾಯಿ ಇರಬಹುದೆಂದು ಅವರಿಗೇ ಎಷ್ಟೋ ವರ್ಷದ ಮೇಲೆ ತೋರಿತು. ಬರೆದವರೇ ತಡವಾಗಿ ಕಂಡುಕೊಳ್ಳುವ ಅರ್ಥಗಳೂ ಇರುತ್ತವೆ. 'ಬೇಬಿ' ಎಂಬ ಸಂಬೋಧನೆ ಮಾತ್ರ ಹೆಚ್ಚಾಗಿ ಎರಡು ಮಾತ್ರೆ ತುಂಬಲು ಬರುವಂಥದ್ದು, ಅದರಲ್ಲಿ ಮಗುವನ್ನು ಹುಡುಕಬೇಕಾಗಿಲ್ಲ.

ಇಂಗ್ಲಿಷ್ ಹಾಡಿಗೆ ಕನ್ನಡದಲ್ಲಿ ಅರ್ಥ ಹೇಳಿಕೊಳ್ಳುವಾಗ ಇನ್ನೊಂದು ತೊಡಕು ಎದುರಾಗುತ್ತದೆ. 'ಐ ಮಿಸ್ ಯು' ಎನ್ನುವಾಗ ಇಂಗ್ಲಿಷಿನ 'ನಾನು' ಒಂದು ಕೆಲಸ ಮಾಡುತ್ತಿದೆ. ನಾವು 'ನಿನ್ನ ನೆನಪಾಗುತ್ತಿದೆ' ಎನ್ನುತ್ತೇವೆ. ಇಲ್ಲಿ ನೆನಪೇ ಕರ್ತೃ, ನಾನು ಅದು ಬಂದು ತಟ್ಟುವ ಜಾಗ ಮಾತ್ರ. ಹೀಗಾಗಿ ಇಂಗ್ಲಿಷಿನಲ್ಲಿ ಹಟದಂತೆ ಕೇಳುವ ಹಾಡು ಕನ್ನಡದ ಮನಸ್ಸಿನಲ್ಲಿ ಅಸಹಾಯಕತೆಯಾಗಿ ಇಳಿಯುತ್ತದೆ. ಇದು ಗೊತ್ತಿದ್ದರೆ ಸಾಕು, ಹಾಡಿನ 'ನಾನು'ವಿಗೆ ಅದರ ಹಟವನ್ನು ಹಿಂದಿರುಗಿಸಿ ಕೇಳಬಹುದು.

ಕಳೆದ ಆಟಿ ತಿಂಗಳಲ್ಲಿ, ಹೊರಗೆ ಜಡಿಮಳೆ ಹಿಡಿದಿದ್ದ ಒಂದು ಭಾನುವಾರ, ಉಡುಪಿಯ ಮನೆಯ ಚಾವಡಿಯಲ್ಲಿ ಕುಳಿತು ಹುಡುಗನಿಗೆ ತೋರಿಸಲೆಂದು ನಾನೇ ಮೂರು ಸಾಲು ಕಟ್ಟಿದೆ. ಕಾವ್ಯವೆಂದು ಯಾರೂ ಎಣಿಸಬೇಕಾಗಿಲ್ಲ, ಪಾಠಕ್ಕೆ ಬೇಕಾಗಿತ್ತು:

ನಿನ್ನ ಕೊಡೆ ಇನ್ನೂ ಬಾಗಿಲ ಹಿಂದೆ ತೂಗುತ್ತಿದೆ,
ಮಳೆಗೆ ನಾನು ನೆನೆದುಕೊಂಡೇ ಹೋಗುತ್ತೇನೆ,
ನಾನು ಚೆನ್ನಾಗಿದ್ದೇನೆ, ನಾನು ಚೆನ್ನಾಗಿದ್ದೇನೆ.

ಕೊನೆಯ ಸಾಲು ಪಲ್ಲವಿ. ಪ್ರತಿ ಚರಣದ ಬಳಿಕ ತಿರುಗಿ ಬರುತ್ತದೆ. ಮೊದಲ ಸಲ ಕೇಳಿದಾಗ ಅದು ಸುಳ್ಳೆಂದು ಯಾರಿಗೂ ತಿಳಿಯುತ್ತದೆ, ಏಕೆಂದರೆ ಚೆನ್ನಾಗಿರುವವನು ಕೊಡೆ ಇದ್ದೂ ನೆನೆಯುವುದಿಲ್ಲ. 'ಇನ್ನೂ' ಎಂಬ ಪದವಿದೆ, ಕೊಡೆಯನ್ನು ಮುಟ್ಟಿಲ್ಲ, ಬಿಸಾಡಿಯೂ ಇಲ್ಲ; ಕೊಡೆಯವಳು ಬಂದು ಒಯ್ಯಲಿ ಎಂಬ ಆಸೆ ಇದೆ. ಇದು ಸಾಪೇಕ್ಷ. ಎರಡನೆಯ ಚರಣದಲ್ಲಿ ಅವನು ಆ ಕೊಡೆಯನ್ನು ಬಸ್‌ಸ್ಟಾಪಿನಲ್ಲಿ ನೆನೆಯುತ್ತಿದ್ದ ಯಾವುದೋ ಮುದುಕಿಗೆ ಕೊಟ್ಟುಬಂದ ಎಂದು ಬರೆದೆವೆಂದಿಟ್ಟುಕೊಳ್ಳೋಣ. ಪಲ್ಲವಿಯ ಒಂದಕ್ಷರವೂ ಬದಲಾಗದೆ, ಸುಳ್ಳಾಗಿದ್ದ ಮಾತು ನಿಜವಾಗತೊಡಗುತ್ತದೆ. ಮುದುಕಿಯ ಬದಲು ಇನ್ನೊಬ್ಬ ಹುಡುಗಿಗೆ ಕೊಟ್ಟನೆಂದರೆ ಅದೇ ಪಲ್ಲವಿ ಜಂಬವಾಗುತ್ತದೆ. ರಾಕ್ ಹಾಡಿನ ಪಲ್ಲವಿ ತಿರುತಿರುಗಿ ಬರುವುದು ಬರಿಯ ನೆನಪಿಗಾಗಿ ಅಲ್ಲ ಎಂದು ನಾನು ವಿವರಿಸುತ್ತಿದ್ದೆ.

ಹುಡುಗ ಅಷ್ಟರಲ್ಲಿ ಗಿಟಾರ್ ತೆಗೆದು ಮೂರು ಸಾಲನ್ನೂ ಬ್ಲೂಸಿನ ನಡೆಗೆ ಕೂರಿಸಿಬಿಟ್ಟಿದ್ದ. ಎರಡು ಸುತ್ತು ಹಾಡಿದ. ಪ್ರತಿ ಸಾಲಿನ ಬಾಲದಲ್ಲೂ ಗಿಟಾರ್ ಉತ್ತರ ಕೊಟ್ಟಿತು. "ಮಾವ, ಮೂರನೆಯ ಸಲ ಉತ್ತರ ಕೊಡದಿದ್ದರೆ ಹೇಗೆ?" ಎಂದು ಕೇಳಿ, ತಂತಿಗಳ ಮೇಲೆ ಅಂಗೈಯಿಟ್ಟು ಸದ್ದಡಗಿಸಿ, ಬರಿಯ ದನಿಯಲ್ಲಿ ಹಾಡಿದ. ಚೆನ್ನಾಗಿದ್ದೇನೆ ಎಂಬುದರ ಮುಂದೆ ಎರಡು ಬಾರ್‌ಗಳಷ್ಟು ಹೊತ್ತು, ಕಾಲಿನಲ್ಲಿ ತಾಳ ಎಣಿಸುತ್ತಾ, ಸುಮ್ಮನೆ ಕುಳಿತ. ಚರಣ ಬದಲಾಗಿರಲಿಲ್ಲ, ಕೊಡೆ ಬಾಗಿಲ ಹಿಂದೆಯೇ ಇತ್ತು, ಆದರೂ ಆ ಪಾತ್ರಕ್ಕೆ ಅವಳು ಬರುವುದಿಲ್ಲವೆಂಬುದು ತಿಳಿದುಬಿಟ್ಟಿತ್ತು.